ಅರ್ಧ ಉಸಿರು ಮುಂಚೆ

ಸರ್ ರೋಲಂಡ್ ಥಾರ್ನ್‌ಬರಿಗೆ ಮರೆವಿನ ರೋಗ ಅಂಟಿಕೊಂಡ ಸಂಗತಿ ಮೊದಮೊದಲು ನಾಲ್ಕೇ ಮಂದಿಗೆ ಗೊತ್ತಿತ್ತು. ಮಗಳು ಹೆಲೆನ್‌ಗೆ, ಡಾಕ್ಟರಿಗೆ, ಮನೆಗೆ ಬಂದು ಆರೈಕೆ ಮಾಡುವ ನರ್ಸ್ ಶಾಂತಾಳಿಗೆ, ಮತ್ತು ನೆನಪಾದಾಗ ಮಾತ್ರ ಅವನಿಗೆ. ಉಳಿದ ಲೋಕದ ಪಾಲಿಗೆ ಅವನು ಹಳೆಯ ರೋಲಂಡನೇ ಆಗಿದ್ದ. ಲಂಡನ್ನಿನ ರಂಗಮಂದಿರಗಳಲ್ಲಿ ಐವತ್ತು ವರ್ಷ ರಾಜರನ್ನು, ಕೊಲೆಗಾರರನ್ನು, ಕುಡುಕ ಪಾದ್ರಿಗಳನ್ನು ಆಡಿದವನು. ಸಿನಿಮಾಗಳಲ್ಲಂತೂ ಅವನ ಮುಖಕ್ಕಿಂತ ಮೊದಲು ಅವನ ದನಿಯನ್ನು ಜನ ಗುರುತು ಹಿಡಿಯುತ್ತಿದ್ದರು. ಕೊನೆಗೆ ಒಂದು ಸಿನಿಮಾದ ಶೂಟಿಂಗಿಗೆಂದು ನ್ಯೂಜಿಲೆಂಡಿಗೆ ಬಂದವನು ವಾಪಸು ಹೋಗಲೇ ಇಲ್ಲ. ಒಂಬತ್ತು ವರ್ಷದವಳಿದ್ದಾಗ ಅಜ್ಜಿಯ ಕೈಗೆ ಬಿಟ್ಟ ಮಗಳ ಮನೆಯ ಮುಂದೆ, ತನಗೆ ಎಪ್ಪತ್ತೈದು ದಾಟಿದ ಮೇಲೆ ಸೂಟ್‌ಕೇಸು ಹಿಡಿದು ಬಂದು ನಿಲ್ಲುವುದಕ್ಕೂ ಒಂದು ಧೈರ್ಯ ಬೇಕು. ಆ ಜಾತಿಯ ಧೈರ್ಯ ರೋಲಂಡನಿಗೆ ಯಾವತ್ತೂ ಕಡಿಮೆ ಇರಲಿಲ್ಲ.

ಮಗಳ ಮನೆ ವೆಲಿಂಗ್ಟನ್ನಿನ ಹತ್ತಿರದ ಅಪ್ಪರ್ ಹಟ್‌ನಲ್ಲಿತ್ತು. ಶಾಂತಾ ಪೊರಿರುವಾದಿಂದ ಹೇವರ್ಡ್ಸ್ ಗುಡ್ಡ ಹತ್ತಿಳಿದು ಬೆಳಿಗ್ಗೆ ಅಲ್ಲಿಗೆ ಬರುತ್ತಿದ್ದಳು. ಗುಳಿಗೆ ನುಂಗಿಸುವುದು, ಬಿಪಿ ನೋಡುವುದು, ಸ್ನಾನಕ್ಕೆ ಆಸರೆಯಾಗುವುದು ಅವಳ ಕೆಲಸ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವಳು, ಈ ದೇಶಕ್ಕೆ ಬಂದು ತನ್ನ ಮಗಳು ಹೈಸ್ಕೂಲಿಗೆ ಹೋಗುವಷ್ಟು ಕಾಲವಾಗಿತ್ತು. ಆದರೂ ಹಿರಿಯರನ್ನು ಹೆಸರು ಹಿಡಿದು ಕರೆಯುವ ಇಲ್ಲಿಯ ಪದ್ಧತಿಗೆ ಅವಳ ನಾಲಿಗೆ ಬಗ್ಗಿರಲಿಲ್ಲ. ಎಲ್ಲ ಮುದುಕರನ್ನೂ ಸರ್ ಎನ್ನುತ್ತಿದ್ದಳು. ಬೇರೆ ಮುದುಕರು ಅದಕ್ಕೆ ನಗುತ್ತಿದ್ದರು. ರೋಲಂಡ್ ಮಾತ್ರ ಅರಮನೆಯಿಂದ ಬಂದ ಪದವಿಯನ್ನು ಅವಳೇ ತಂದುಕೊಟ್ಟಂತೆ ಕತ್ತು ಬಾಗಿಸುತ್ತಿದ್ದ.

ಇಂಥವನನ್ನು ವೆಲಿಂಗ್ಟನ್ನಿನ ಒಂದು ನಾಟಕ ತಂಡ ಹುಡುಕಿಕೊಂಡು ಬಂದು, ಒಬ್ಬನೇ ನಿಂತು ಆಡುವ ಒಂದು ನಾಟಕಕ್ಕೆ ಒಪ್ಪಿಸಿತ್ತು. ಅದರ ವಸ್ತು ಅವನದೇ ಜೀವನ. ನಿರ್ದೇಶಕ ಗ್ರೆಗ್ ಅವನ ಹಳೆಯ ಸಂದರ್ಶನಗಳನ್ನೆಲ್ಲ ಕೂಡಿಸಿ ಮಾತು ಬರೆದಿದ್ದ. ಒಂದು ಭಾನುವಾರದ ಮಧ್ಯಾಹ್ನ ಒಂದೇ ಒಂದು ಆಟ. ಟಿಕೆಟ್ಟುಗಳೆಲ್ಲ ಮಾರಿಹೋಗಿದ್ದವು. ಒಪ್ಪಿಕೊಂಡಾಗ ರೋಗ ಇಷ್ಟು ಬಲಿತಿರಲಿಲ್ಲ. ಅವನು ಮುಚ್ಚಿಟ್ಟಿದ್ದ, ಮಗಳೂ ಮುಚ್ಚಿಟ್ಟಳು. ಈಗ ಆ ಮುದುಕ ತನ್ನ ಬದುಕನ್ನೇ ಬಾಯಿಪಾಠ ಮಾಡಬೇಕಾಗಿತ್ತು. ಮಾಡಿದ್ದು ನಿಲ್ಲುತ್ತಿರಲಿಲ್ಲ. ಹುಟ್ಟಿದ ಊರು ಬಾಯಿಗೆ ಬಂದರೆ ಓದಿದ ಶಾಲೆ ಜಾರುತ್ತಿತ್ತು. ಇದಕ್ಕಿಂತ ಕ್ರೂರವಾದ ಆಟ ಇನ್ನೊಂದಿದ್ದರೆ ನನಗಂತೂ ತಿಳಿಯದು.

ಗ್ರೆಗ್ ಕಳಿಸಿದ ಒಬ್ಬ ಹುಡುಗಿ ನಾಟಕದ ಪ್ರತಿ ಹಿಡಿದು ಎದುರಿಗೆ ಕೂರುತ್ತಿದ್ದಳು. ಇಲ್ಲಿಯ ನಾಟಕದವರ ಪದ್ಧತಿ ಏನೆಂದರೆ, ಮಾತು ಮರೆತ ನಟ ತಾನಾಗಿ ನಿಂತು ಕೇಳಬೇಕು, ಆಮೇಲೆ ಪ್ರತಿ ಹಿಡಿದವರು ಮಾತು ಕೊಡಬೇಕು. ಕೇಳುವಷ್ಟರಲ್ಲಿ ರೋಲಂಡನ ತುಟಿ ಒಣಗಿ, ಕಣ್ಣಲ್ಲಿ ಹೆದರಿಕೆ ತುಂಬಿಬಿಡುತ್ತಿತ್ತು. ಒಂದು ಬೆಳಿಗ್ಗೆ ಅವನು ನೀರಿನ ಗ್ಲಾಸನ್ನು ಗೋಡೆಗೆ ಎಸೆದ. ಹುಡುಗಿ ಅಳುತ್ತ ಹೊರಗೆ ಹೋದಳು. ಶಾಂತಾ ಗಾಜು ಗುಡಿಸಿ, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಮೇಜಿನ ಮೇಲಿದ್ದ ಪ್ರತಿಯ ಮೇಲೆ ಕಣ್ಣಾಡಿಸಿದಳು. ಆಮೇಲೆ ಅವಳ ಬಾಯಿ ತಾನಾಗಿಯೇ ಕೆಲಸ ಶುರುಮಾಡಿತು. ಸಣ್ಣ ದನಿಯಲ್ಲಿ, ಏರಿಳಿತವಿಲ್ಲದೆ, ಅವನಿಗೆ ಬೇಕಾಗುವುದಕ್ಕಿಂತ ಅರ್ಧ ಉಸಿರು ಮುಂಚೆ ಒಂದೊಂದೇ ಮಾತು ಕೊಡುತ್ತ ಹೋದಳು. ರೋಲಂಡ್ ಅದನ್ನು ಎತ್ತಿಕೊಂಡ. ಬಾಲ್ಯ ಮುಗಿಯಿತು, ಶಾಲೆ ಮುಗಿಯಿತು, ಮೊದಲ ನಾಟಕದಲ್ಲಿ ಬಾಗಿಲು ತೆಗೆಯುವ ಆಳಿನ ಪಾತ್ರವೂ ಮುಗಿಯಿತು. ಎಲ್ಲೂ ತಡೆಯಲಿಲ್ಲ.

"ಎಲ್ಲಿ ಕಲಿತೆ ಇದನ್ನ?" ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮಪ್ಪನ ಹತ್ತಿರ, ಸರ್," ಎಂದಳು ಶಾಂತಾ.

ಅವಳ ಅಪ್ಪ ಮಹಾಂತಪ್ಪ ಕಂಪನಿ ನಾಟಕದ ಪ್ರಾಂಪ್ಟರ್ ಆಗಿದ್ದ. ಗದಗ, ಬಾಗಲಕೋಟೆ, ಇಳಕಲ್ಲು ಎಂದು ಕಂಪನಿ ಕ್ಯಾಂಪು ಹಾಕಿದಲ್ಲೆಲ್ಲ ಅವನ ಸಂಸಾರವೂ ತಿರುಗಿತ್ತು. ಜನ ಬರುವುದು ಕಡಿಮೆಯಾದರೆ ಕಂಪನಿ ಗಡಿಬಿಡಿಯಿಂದ ಹೊಸ ನಾಟಕ ಎತ್ತಬೇಕು; ನಟರಿಗೆ ಬಾಯಿಪಾಠಕ್ಕೆ ಪುರುಸೊತ್ತು ಎಲ್ಲಿ? ಸೈಡ್‌ವಿಂಗಿನ ಮರೆಯಲ್ಲಿ ಕೂತ ಪ್ರಾಂಪ್ಟರ್ ಮೊದಲಿಂದ ಕೊನೆಯ ತನಕ ಪ್ರತಿ ಮಾತನ್ನೂ ನಟನ ಕಿವಿಗೆ ಹಾಕುತ್ತಲೇ ಇರುತ್ತಾನೆ. ನಟ ಕೇಳಲಿ ಎಂದು ಕಾಯುವವನನ್ನು ಅಲ್ಲಿ ಯಾರೂ ಪ್ರಾಂಪ್ಟರ್ ಎನ್ನುವುದಿಲ್ಲ. ರಂಗದ ಮೇಲೆ ಸುಮ್ಮನಿರುವುದು ಎಂಬುದೇ ಇಲ್ಲ. ಮಾತು, ಇಲ್ಲವಾದರೆ ಹಾಡು, ಅದೂ ಇಲ್ಲವಾದರೆ ಪೇಟಿಯವನು ಹಾರ್ಮೋನಿಯಂ ಒತ್ತಬೇಕು. ಒಮ್ಮೆ ಇಳಕಲ್ಲಿನ ಕ್ಯಾಂಪಿನಲ್ಲಿ ಮಹಾಂತಪ್ಪ ಜ್ವರದಲ್ಲಿ ಕೂತಲ್ಲೇ ತೂಕಡಿಸಿದ. ನಾಯಕಿಯ ಪಾತ್ರದ ಚಂದ್ರಿಕಾಬಾಯಿ ರಂಗದ ನಡುವೆ ಬಾಯಿ ಕಟ್ಟಿ ನಿಂತಳು. ಜನ ಸೀಟಿ ಹೊಡೆದರು, ಕೇಕೆ ಹಾಕಿದರು, ಯಾರೋ ಚಪ್ಪಲಿ ತೂರಿದರು. ಬೆಳಗಾಗುವುದರೊಳಗೆ ಆಕೆ ಟ್ರಂಕು ಕಟ್ಟಿಕೊಂಡು ಹೋಗಿಬಿಟ್ಟಿದ್ದಳು. ಮತ್ತೆ ಬಣ್ಣ ಹಚ್ಚಲಿಲ್ಲ. "ಸುಮ್ಮ ಕುಂತಾಂವ ನಾ, ಮಾನ ಹೋದದ್ದು ಆಕೀದು," ಎಂದು ಮಹಾಂತಪ್ಪ ಊಟ ಬಿಟ್ಟು ಕೂತ. ಅಂದಿನಿಂದ ಒಂಬತ್ತನೇ ಇಯತ್ತೆಯ ಶಾಂತಾ ಅಪ್ಪನ ಪಕ್ಕದಲ್ಲಿ ಕೂತು ಓದತೊಡಗಿದಳು. ಅವನ ಕಣ್ಣು ಮಂಜಾದ ಮೇಲೆ ಅವಳೊಬ್ಬಳೇ ಓದಿದಳು. ರಂಗದ ಮೇಲೆ ಮಾತು ತಡೆದರೆ ಸಾಕು, ಅವಳ ತುಟಿ ತಾನಾಗಿಯೇ ಮುಂದಿನ ಮಾತು ಆಡಿಬಿಡುತ್ತಿತ್ತು. ಇಲ್ಲಿ ಸಿನಿಮಾ ನೋಡುವಾಗಲೂ ಯಾರಾದರೂ ಬಹಳ ಹೊತ್ತು ಸುಮ್ಮನಿದ್ದರೆ ಅವಳು ಚಡಪಡಿಸುವುದನ್ನು ಕಂಡು ಮನೆಯವರು ನಗುತ್ತಿದ್ದರು.

ಗ್ರೆಗ್ ಬಂದು ನೋಡಿ, ಎರಡು ಮಾತಾಡದೆ ಒಪ್ಪಿದ. ರೋಲಂಡನ ಕಿವಿಯೊಳಗೆ ಒಂದು ಸಣ್ಣ ಯಂತ್ರ, ಶಾಂತಾಳ ಮುಂದೆ ಒಂದು ಮೈಕು. ಅವಳು ವಿಂಗಿನಲ್ಲಿ ಕೂತು ಕೊಡಬೇಕು, ಅವನು ರಂಗದ ಮೇಲೆ ಆಡಬೇಕು. ಪ್ರೇಕ್ಷಕರಿಗೆ ತಿಳಿಯಬಾರದು.

ಹೆಲೆನ್ ಶಾಲೆಯ ಟೀಚರು, ಅರವತ್ತರ ಹತ್ತಿರದ ಹೆಂಗಸು. ಬೇಡದ ಮಾತಾಡುವವಳಲ್ಲ. ಅಪ್ಪನ ಈ ನಾಟಕವನ್ನು ಅವಳು ಒಂದು ಫೋನಿನಲ್ಲಿ ನಿಲ್ಲಿಸಬಹುದಿತ್ತು. ಯಾಕೆ ನಿಲ್ಲಿಸಲಿಲ್ಲ ಎಂಬುದು ಶಾಂತಾಳಿಗೆ ಅಡುಗೆಮನೆಯಲ್ಲಿ ಒಂದು ದಿನ ತಿಳಿಯಿತು. ಒಳಗೆ ರೋಲಂಡ್ ತನ್ನ ಮೊದಲ ಹೆಂಡತಿ ರೂತ್ ಸತ್ತ ಭಾಗವನ್ನು ಒಬ್ಬನೇ ಹೇಳಿಕೊಳ್ಳುತ್ತಿದ್ದ. ಇಡೀ ನಾಟಕದಲ್ಲಿ ಅವನಿಗೆ ಯಾರ ಸಹಾಯವೂ ಇಲ್ಲದೆ ಬರುತ್ತಿದ್ದ ಭಾಗ ಅದೊಂದೇ. "ರೂತ್ ತೀರಿಕೊಂಡ ಸುದ್ದಿ ಬಂದದ್ದು ಪರದೆ ಬಿದ್ದ ಮೇಲೆ. ಮರುದಿನ ಸಂಜೆಯೂ ನಾನು ರಂಗಕ್ಕೆ ಹೋದೆ. ಅವಳಿದ್ದಿದ್ದರೂ ಅದನ್ನೇ ಹೇಳುತ್ತಿದ್ದಳು."

"ಐವತ್ತು ವರ್ಷದಿಂದ ಈ ಮೂರು ಮಾತು ಹೇಳ್ತಿದಾನೆ," ಎಂದಳು ಹೆಲೆನ್. "ಟಿವಿಯಲ್ಲಿ, ರೇಡಿಯೋದಲ್ಲಿ, ನನ್ನ ಮದುವೆಯಲ್ಲಿ. ಸುಳ್ಳಲ್ಲ ಅದು. ಆದರೆ ಅದಕ್ಕೆ ಮೊದಲು ಒಂದು ಫೋನ್ ಇತ್ತು."

ರೂತ್ ನ್ಯೂಜಿಲೆಂಡಿನದೇ ನೆಲ್ಸನ್ ಊರಿನ ಹೆಣ್ಣುಮಗಳು. ಕಾಯಿಲೆ ಬಿದ್ದಾಗ ಮಗಳನ್ನು ಕರೆದುಕೊಂಡು ಲಂಡನ್ನಿನಿಂದ ತೌರಿಗೆ ಬಂದಿದ್ದಳು. ರೋಲಂಡ್ ಆ ವರ್ಷ ಆಡುತ್ತಿದ್ದ ನಾಟಕ ಅವನನ್ನು ಆಕಾಶಕ್ಕೆ ಏರಿಸಿತ್ತು, ಬಿಟ್ಟು ಬರಲಿಲ್ಲ. ಇನ್ನು ಉಳಿಯುವುದಿಲ್ಲ ಎಂದಾದಾಗ ಅಜ್ಜಿ ಲಂಡನ್ನಿನ ಆ ರಂಗಮಂದಿರಕ್ಕೇ ಫೋನ್ ಹಚ್ಚಿ, ಅಳಿಯನನ್ನು ಕರೆಸಿ, ರಿಸೀವರನ್ನು ರೂತ್‌ಳ ಕಿವಿಗೆ ಹಿಡಿದಳು. ಒಂಬತ್ತು ವರ್ಷದ ಹೆಲೆನ್ ಮಂಚದ ಕಾಲಿಗೆ ಒರಗಿ ನಿಂತು ಅಮ್ಮನ ಮುಖ ನೋಡುತ್ತಿದ್ದಳು. ರೂತ್ ಗಂಡನನ್ನು ಒಮ್ಮೆ ಹೆಸರು ಹಿಡಿದು ಕರೆದಳು, ಆಮೇಲೆ ಬರೀ ಕೇಳಿಸಿಕೊಂಡಳು. ಕೊನೆಗೆ "ಹೂಂ" ಎಂದಳು. ರಿಸೀವರ್ ಇಟ್ಟ ಮೇಲೆ ಮಗಳಿಗೆ ಹೇಳಿದ್ದು ಒಂದೇ ಮಾತು: "ನನ್ನ ತಲೆ ಬಾಚು."

"ಸಾಯೋ ತನಕ ದಿನಾ ಬೆಳಿಗ್ಗೆ ಬಾಚಿಸಿಕೊಂಡಳು," ಎಂದಳು ಹೆಲೆನ್. "ದಿಂಬಿನ ಮೇಲೆಲ್ಲ ಕೂದಲು ಉದುರ್ತಿದ್ದವು. ಆದರೂ ಬಾಚು ಅಂತಿದ್ದಳು. ಅಪ್ಪ ಬರಲಿಲ್ಲ. ಬರ್ತೀನಿ ಅಂದಿದ್ದನಾ? ಬರೋದಿಲ್ಲ ಅಂತ ಹೇಳಿದ ಮೇಲೂ ಅವಳೇ ಸುಮ್ಮನೆ ಕಾದಳಾ? ನನಗೆ ಇಷ್ಟೇ ಗೊತ್ತಾಗಬೇಕು ಶಾಂತಾ. ಮೊದಲು ಕೇಳಿದಾಗೆಲ್ಲ ಮಾತು ತೇಲಿಸ್ತಿದ್ದ. ಈಗ ಕೇಳಿದರೆ ಆ ಮೂರು ಮಾತು ಬರ್ತವೆ. ಟೇಪ್ ಹಾಕಿದ ಹಾಗೆ."

ಶಾಂತಾ ಕೈಯಲ್ಲಿದ್ದ ಕಪ್ಪನ್ನು ಒರೆಸುತ್ತಲೇ ಇದ್ದಳು.

ಆಮೇಲೆ ಒಂದು ವಾರದಲ್ಲಿ ಅದು ನಡೆಯಿತು. ನಡುಮನೆಯಲ್ಲಿ ಅಭ್ಯಾಸ ನಡೆದಿತ್ತು. ರೋಲಂಡ್ ಆ ದಿನ ಚೆನ್ನಾಗಿದ್ದ. ಎದ್ದು ನಿಂತು ಆಡುತ್ತಿದ್ದ. "ಸುದ್ದಿ ಬಂದದ್ದು ಪರದೆ ಬಿದ್ದ ಮೇಲೆ" ಎಂದವನು ಹುಬ್ಬು ಗಂಟಿಕ್ಕಿ ನಿಂತ. "ಇಲ್ಲ," ಎಂದ. "ಅದಕ್ಕೆ ಮೊದಲು... ಆ ಬಾಗಿಲು ಕಾಯೋ ಮುದುಕ ಬಂದು ಕರೆದ. ಫೋನು..." ಚಹಾ ತರುತ್ತಿದ್ದ ಹೆಲೆನ್ ಹೊಸ್ತಿಲಲ್ಲಿ ಕಲ್ಲಾದಳು. ಅಷ್ಟರಲ್ಲಿ ಶಾಂತಾಳ ಬಾಯಿಂದ ಮುಂದಿನ ಮಾತು ಹೊರಬಿದ್ದಿತ್ತು. ಅವಳು ಯೋಚಿಸಿ ಕೊಟ್ಟದ್ದಲ್ಲ, ತಡೆದನಲ್ಲ, ಕೊಟ್ಟಳು. ರೋಲಂಡ್ ವಿಧೇಯ ಹುಡುಗನಂತೆ "ಮರುದಿನ ಸಂಜೆಯೂ ನಾನು ರಂಗಕ್ಕೆ ಹೋದೆ" ಎಂದು ಮುಂದುವರಿಸಿದ.

ಹೆಲೆನ್ ಬೈಯಲಿಲ್ಲ. ಕಾರಿನ ತನಕ ಜೊತೆಗೆ ಬಂದು, ಬಾಗಿಲು ಹಿಡಿದು ನಿಂತಳು. "ನೋಡಿದಿರಲ್ಲ, ಅದು ಅವನೊಳಗೆ ಇದೆ. ನಿಂತು ಆಡುವಾಗ ಮಾತ್ರ ಹತ್ತಿರ ಬರುತ್ತೆ. ಆಟದ ದಿನ ಅಲ್ಲಿ ಅವನು ನಿಂತರೆ ನಿಲ್ಲಲಿ. ಮಾತು ಕೊಡಬೇಡಿ. ಜನ ಏನಾದರೂ ಅಂದುಕೊಳ್ಳಲಿ. ನಾನು ಈ ನಾಟಕ ನಿಲ್ಲಿಸದೆ ಇರೋದು ಇದೊಂದಕ್ಕೇ."

"ಆಯಿತು," ಎಂದಳು ಶಾಂತಾ. "ಆ ಜಾಗದಲ್ಲಿ ನಾನು ಬಾಯಿ ತೆಗೆಯೋದಿಲ್ಲ."

ಅವಳು ಮನಸಾರೆ ಹೇಳಿದ ಮಾತೇ ಅದು. ಹೆಲೆನ್ ಅವಳ ಕೈ ಹಿಡಿದು ಅದುಮಿದಳು. ಆ ಕೈ ತಣ್ಣಗಿತ್ತು.

ಅಲ್ಲಿಂದ ಮುಂದೆ ಎಲ್ಲವೂ ಇಳಿಜಾರೇ. ರೋಲಂಡ್ ಒಂದು ಬೆಳಿಗ್ಗೆ ಹೆಲೆನ್‌ಳನ್ನು ರೂತ್ ಎಂದು ಕರೆದ. ಇನ್ನೊಂದು ಬೆಳಿಗ್ಗೆ ಅವಳು ಯಾರೆಂದು ಶಾಂತಾಳನ್ನು ಕೇಳಿದ. ಷರಟಿನ ತೋಳಿಗೆ ಕಾಲು ತೂರಿಸಲು ಹೊರಟು, ತಾನೇ ನಕ್ಕು, ನಗುತ್ತ ನಗುತ್ತ ಅತ್ತ. ಡಾಕ್ಟರು ಕುತ್ತಿಗೆ ಅಲ್ಲಾಡಿಸಿ, ಚಳಿಗಾಲ ಬರುವಷ್ಟರಲ್ಲಿ ಮಾತು ಕೂಡ ಉಳಿಯುವುದು ಅನುಮಾನ ಎಂದರು. ಹೆಲೆನ್ ಶಾಲೆಗೆ ರಜೆ ಹಾಕಿ ಅಪ್ಪನ ಎದುರಿಗೆ ಕೂತಳು. ಹಳೆಯ ಫೋಟೋ ತೋರಿಸಿದಳು, ನೆಲ್ಸನ್ನಿನ ಮನೆಯ ಹೆಸರು ಹೇಳಿದಳು, ಅಮ್ಮನ ದನಿ ಮಾಡಿ ಕರೆದಳು. ನಾಚಿಕೆ ಬಿಟ್ಟು ಕಾಲು ಹಿಡಿದುಕೊಂಡಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, ಸಾವಿರಾರು ಜನರಿಗೆ ಹೇಳಿದ ಆ ದನಿಯಲ್ಲಿ, ಸುದ್ದಿ ಬಂದದ್ದು ಪರದೆ ಬಿದ್ದ ಮೇಲೆ ಎಂದ. ಹೆಲೆನ್ ಎದ್ದು ಹಿತ್ತಲಿಗೆ ಹೋಗಿ ಬಟ್ಟೆ ಒಣಗಿಸುವ ಕಂಬ ಹಿಡಿದು ನಿಂತದ್ದನ್ನು ಶಾಂತಾ ಕಿಟಕಿಯಿಂದ ನೋಡಿದಳು. ಅವಳಿಗೆ ಮುದುಕನ ಮೇಲೂ ಸಿಟ್ಟು ಬಂತು, ಸತ್ತ ರೂತ್‌ಳ ಮೇಲೂ ಬಂತು. ಮಗಳಿಗೆ ಒಂದು ಮಾತು ಹೇಳಿ ಸತ್ತಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಮನೆಯಲ್ಲಿ ಗಂಡ ಶಿವರಾಜ್ ಬೇರೆ ರಾಗ ತೆಗೆದ. ಅವನು ಕೌನ್ಸಿಲ್ ಆಫೀಸಿನಲ್ಲಿ ಎಂಜಿನಿಯರು, ಯಾವ ಕೆಲಸಕ್ಕೂ ಮೊದಲು ಅಪಾಯ ಲೆಕ್ಕ ಹಾಕುವವನು.

"ನೀ ನರ್ಸ್ ಇದ್ದಿ, ನಾಟಕದಾಕಿ ಅಲ್ಲ," ಎಂದ ರೊಟ್ಟಿ ಮುರಿಯುತ್ತ. "ಮುದುಕಗ ಸ್ಟೇಜ್ ಮ್ಯಾಲ ಏನರ ಆತಂದ್ರ ಯಾರ ತಲಿಗಿ ಬರತೈತಿ?"

"ಏನೂ ಆಗೂದಿಲ್ರಿ. ನಾ ಅಲ್ಲೇ ಇರ್ತೇನಲ್ಲ."

"ಅದಽ ನನಗ ಚಿಂತಿ. ಅವನ ಮಗಳು ಅಲ್ಲಿ ಸುಮ್ನ ಕುಂದ್ರು ಅಂದಾಳ. ಕುಂದರ್ತಿ ಏನು? ನಾ ಊಟಕ್ಕ ಕುಂತು ಮಾತಾಡೂದು ಒಂದೀಟು ತಡಾ ಆದ್ರ ನನ್ನ ಮಾತೂ ನೀನಽ ಆಡಿ ಮುಗಿಸ್ತಿ."

ಮಗಳು ಲಾಸ್ಯಾ ಫೋನಿನಿಂದ ತಲೆ ಎತ್ತದೆ, "ಮಮ್ಮಿ, ಜಸ್ಟ್ ಮ್ಯೂಟ್ ಯುವರ್‌ಸೆಲ್ಫ್," ಎಂದಳು.

ಶಾಂತಾ ನಗಲಿಲ್ಲ. "ಕುಂದರ್ತೇನಿ," ಎಂದಳು. "ಮಾತು ಕೊಟ್ಟೇನಿ ಆಕಿಗೆ."

ಭಾನುವಾರ ವೆಲಿಂಗ್ಟನ್ನಿನಲ್ಲಿ ಗಾಳಿ ಎಂದಿನಂತೆ ಹುಚ್ಚೆದ್ದಿತ್ತು. ರಂಗಮಂದಿರ ದೊಡ್ಡದಲ್ಲ, ಆದರೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಮುಂದಿನ ಸಾಲಿನ ನಡುವೆ ಹೆಲೆನ್ ಕೂತಿದ್ದಳು. ಬಣ್ಣದ ಕೋಣೆಯಲ್ಲಿ ರೋಲಂಡ್ ಕನ್ನಡಿ ನೋಡಿಕೊಂಡು, "ಈ ಮುದುಕ ಯಾರು?" ಎಂದು ಕೇಳಿದಾಗ ಗ್ರೆಗ್‌ನ ಮುಖ ಬಿಳುಚಿತು. ಶಾಂತಾ ಅವನ ಕಿವಿಗೆ ಯಂತ್ರ ಸಿಕ್ಕಿಸಿದಳು. ಕೋಟಿನ ಗುಂಡಿ ಹಾಕಿದಳು. "ನಾನು ಇದೀನಿ, ಸರ್," ಎಂದಳು. "ನೀನಿದ್ದೀಯಲ್ಲ," ಎಂದು ಅವನು ಅವಳ ಕೆನ್ನೆ ತಟ್ಟಿದ. ಅವನ ಕಣ್ಣಲ್ಲಿ ಪೂರಾ ನಂಬಿಕೆಯಿತ್ತು.

ಬೆಳಕು ಬಿದ್ದ ಮೇಲೆ ಮುದುಕ ಬದಲಾದ. ಬೆನ್ನು ನೆಟ್ಟಗಾಯಿತು. ಶಾಂತಾ ವಿಂಗಿನಲ್ಲಿ ಕೂತು ಕೊಟ್ಟಳು, ಅವನು ಆಡಿದ. ಅವಳ ಬಾಯಲ್ಲಿ ಸಪ್ಪಗಿದ್ದ ಮಾತು ಅವನ ಬಾಯಲ್ಲಿ ಮೈತುಂಬಿಕೊಂಡು ಹೊರಬರುತ್ತಿತ್ತು. ಕಟುಕನ ಅಂಗಡಿಯ ಮೇಲಿನ ಬಾಡಿಗೆ ಕೋಣೆ, ಕುಡಿದು ಬೀಳುವ ಅಪ್ಪ, ಬಾಗಿಲು ತೆಗೆಯುವ ಆಳಿನ ಪಾತ್ರದಲ್ಲಿ ಬಾಗಿಲೇ ಕಿತ್ತು ಕೈಗೆ ಬಂದದ್ದು, ಮೊದಲ ಸಿನಿಮಾದಲ್ಲಿ ಕುದುರೆ ಇವನನ್ನು ಕೆಡವಿ ಹೀರೋನನ್ನು ಹೊತ್ತು ಓಡಿಹೋದದ್ದು. ಜನ ನಕ್ಕರು, ಮೂಗು ಒರೆಸಿಕೊಂಡರು. ಎಲ್ಲೂ ತಪ್ಪಲಿಲ್ಲ. ಗ್ರೆಗ್ ಕತ್ತಲಲ್ಲಿ ಅವಳಿಗೆ ಹೆಬ್ಬೆರಳು ತೋರಿಸಿದ. ಶಾಂತಾಳ ಬೆನ್ನು ಬೆವರಿನಲ್ಲಿ ತೊಯ್ದಿತ್ತು.

ಆಮೇಲೆ ಆ ಜಾಗ ಬಂತು.

"ರೂತ್ ತೀರಿಕೊಂಡ ಸುದ್ದಿ ಬಂದದ್ದು ಪರದೆ ಬಿದ್ದ ಮೇಲೆ," ಎಂದ ರೋಲಂಡ್. ಶಾಂತಾ ತುಟಿ ಕಚ್ಚಿ ಹಿಡಿದಳು. ಅವನು ನಿಂತ. ತಲೆ ಓರೆ ಮಾಡಿದ. ಕಿವಿಯಲ್ಲಿ ಏನೂ ಬರಲಿಲ್ಲ.

"ಇಲ್ಲ," ಎಂದ. ಸಣ್ಣ ದನಿ, ನಟನ ದನಿಯಲ್ಲ. "ಅದಕ್ಕೆ ಮೊದಲು ಒಂದು ಫೋನ್ ಬಂದಿತ್ತು. ಬಾಗಿಲು ಕಾಯುವ ಮುದುಕ ಮೇಲೆ ಬಂದು ಕರೆದ. ನಾನು ಅರ್ಧ ಬಣ್ಣ ಹಚ್ಚಿಕೊಂಡಿದ್ದೆ. ಮೆಟ್ಟಿಲು ಇಳಿದು ಹೋದೆ. ಫೋನಿಗೆಲ್ಲ ಬಣ್ಣ ಮೆತ್ತಿತು. ತುಂಬ ದೂರದಿಂದ ಅವಳು ರೋಲಿ ಅಂದಳು. ನಾನು ಅವಳಿಗೆ ಹೇಳಿದೆ..."

ಮುಂದಿನ ಸಾಲಿನಲ್ಲಿ ಹೆಲೆನ್ ಬಾಯಿಗೆ ಕೈ ಅಡ್ಡ ಹಿಡಿದದ್ದು ವಿಂಗಿನಿಂದ ಕಾಣುತ್ತಿತ್ತು. ರೋಲಂಡ್ ಬಲಗೈಯನ್ನು ಕಿವಿಯ ಹತ್ತಿರಕ್ಕೆ ಎತ್ತಿದ್ದ, ಇಲ್ಲದ ರಿಸೀವರನ್ನು ಹಿಡಿದವನಂತೆ. ಬಾಯಿ ತೆರೆದಿತ್ತು. ಮಾತು ಬರಲಿಲ್ಲ. ಇಡೀ ರಂಗಮಂದಿರ ಉಸಿರು ಹಿಡಿದಿತ್ತು. ಶಾಂತಾ ಎರಡು ಕೈಯಿಂದ ಕುರ್ಚಿಯ ಅಂಚು ಹಿಡಿದುಕೊಂಡಳು. ಸುಮ್ಮನಿರು ಎಂದು ತನಗೆ ತಾನೇ ಹೇಳಿಕೊಂಡಳು. ಬರುತ್ತದೆ, ಬರಲಿ, ಸುಮ್ಮನಿರು. ಹಿಂದೆ ಯಾರೋ ಕೆಮ್ಮಿದರು. ಒಂದು ಕುರ್ಚಿ ಕಿರುಗುಟ್ಟಿತು. ಅವನ ಕಣ್ಣು ಸರಕ್ಕನೆ ವಿಂಗಿನ ಕಡೆ ತಿರುಗಿತು. ಹೆದರಿದ ಕಣ್ಣು, ನೀನಿದ್ದೀಯಲ್ಲ ಎಂದಿದ್ದ ಕಣ್ಣು. ಶಾಂತಾಳ ಜೀವ ಬಾಯಿಗೆ ಬಂತು. ಇನ್ನೇನು ಸೀಟಿ ಬೀಳುತ್ತದೆ, ಚಪ್ಪಲಿ ಬೀಳುತ್ತದೆ, ಈ ಮನುಷ್ಯನ ಮಾನ ಇಷ್ಟು ಜನರ ಮುಂದೆ ಹೋಗುತ್ತದೆ ಎಂದು ಅವಳ ಮೈಯೆಲ್ಲ ಕೂಗಿತು. ಇದು ವೆಲಿಂಗ್ಟನ್ನು, ಇಲ್ಲಿ ಯಾರೂ ಚಪ್ಪಲಿ ತೂರುವುದಿಲ್ಲ ಎಂದು ಹೇಳುವವರು ಪಕ್ಕದಲ್ಲಿರಲಿಲ್ಲ.

ಅವಳು ಮೈಕಿಗೆ ಬಾಗಿದಳು. "ಮರುದಿನ ಸಂಜೆಯೂ ನಾನು ರಂಗಕ್ಕೆ ಹೋದೆ."

ರೋಲಂಡನ ಮುಖದಿಂದ ಏನೋ ಇಳಿದುಹೋಯಿತು. ಎತ್ತಿದ ಕೈ ಕೆಳಗೆ ಬಂತು. ಬೆನ್ನು ನೆಟ್ಟಗಾಯಿತು. "ಮರುದಿನ ಸಂಜೆಯೂ," ಎಂದ ತನ್ನ ಹಳೆಯ ದನಿಯಲ್ಲಿ, "ನಾನು ರಂಗಕ್ಕೆ ಹೋದೆ."

ಜನ ಅತ್ತೇಬಿಟ್ಟರು. ನಾನು ಅವಳಿಗೆ ಹೇಳಿದೆ ಎಂದು ನಿಲ್ಲಿಸಿ, ಹೇಳಿದ್ದೇನೆಂದು ಹೇಳದೆ, ಅಷ್ಟು ಹೊತ್ತು ಬಿಟ್ಟು ಆ ಮಾತು ಆಡಿದನಲ್ಲ, ಎಂಥ ನಟ! ಅವರ ಪಾಲಿಗೆ ಅದು ಒಂದು ಜೀವಮಾನದ ಕಲೆ. ನಾಟಕ ಮುಗಿದಾಗ ಇಡೀ ರಂಗಮಂದಿರ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲೊಲ್ಲದು. ಗ್ರೆಗ್ ಶಾಂತಾಳನ್ನು ಅಪ್ಪಿಕೊಂಡು ಕುಣಿದ. ನಿಂತವರ ನಡುವೆ ಕೂತೇ ಇದ್ದವಳು ಒಬ್ಬಳೇ, ಮುಂದಿನ ಸಾಲಿನವಳು.

ಶಾಂತಾ ಬಣ್ಣದ ಕೋಣೆಯಲ್ಲಿ ರೋಲಂಡನ ಶೂ ಬಿಚ್ಚಿ, ಕಿವಿಯ ಯಂತ್ರ ತೆಗೆದು ಪೆಟ್ಟಿಗೆಗೆ ಹಾಕುತ್ತಿದ್ದಳು. ಮುದುಕ ಹಿಗ್ಗಿ ಕೂತಿದ್ದ. "ಎಲ್ಲೂ ತಪ್ಪಲಿಲ್ಲ ಅಲ್ಲವಾ?" ಎಂದು ಮತ್ತೆ ಮತ್ತೆ ಕೇಳಿದ. ಬಾಗಿಲು ತೆರೆಯಿತು. ಹೆಲೆನ್ ಒಳಗೆ ಬಂದು ಬಾಗಿಲು ಹಾಕಿ, ಅದಕ್ಕೇ ಒರಗಿದಳು.

"ನೀವು ಕೊಟ್ಟಿರಿ," ಎಂದಳು.

"ಕೊಟ್ಟೆ," ಎಂದಳು ಶಾಂತಾ. ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಪ್ಪ, ಇಳಕಲ್ಲು, ಚಂದ್ರಿಕಾಬಾಯಿ, ಇದನ್ನೆಲ್ಲ ಇವಳಿಗೆ ಹೇಗೆ ಹೇಳುವುದು? "ತಪ್ಪಾಯಿತು, ಹೆಲೆನ್. ಅವರ ಕಣ್ಣು ನೋಡಿ ತಡೆಯೋಕೆ ಆಗಲಿಲ್ಲ."

ಹೆಲೆನ್ ತಲೆಯಾಡಿಸಿದಳು. ಅಪ್ಪನ ಮುಂದೆ ಮೊಣಕಾಲೂರಿ ಕೂತು, ಅವನ ಎರಡೂ ಕೈ ಹಿಡಿದಳು. "ಅಪ್ಪಾ. ಆ ಫೋನಿನಲ್ಲಿ ಅಮ್ಮನಿಗೆ ಏನು ಹೇಳಿದೆ? ಈಗ ತಾನೇ ನಿನಗೆ ನೆನಪಾಗಿತ್ತು. ಈಗ ತಾನೇ. ಫೋನಿಗೆ ಬಣ್ಣ ಮೆತ್ತಿತ್ತು. ಅವಳು ರೋಲಿ ಅಂದಳು. ಆಮೇಲೆ?"

ರೋಲಂಡ್ ಆಸಕ್ತಿಯಿಂದ ಕೇಳಿಸಿಕೊಂಡ. ಚೆನ್ನಾದ ಕತೆ ಎಂಬಂತೆ ಹುಬ್ಬೇರಿಸಿದ. ನಂತರ ತಲೆ ಓರೆ ಮಾಡಿ, ಹೆಲೆನ್‌ಳ ತಲೆಯ ಮೇಲಿಂದ ಶಾಂತಾಳ ಕಡೆ ನೋಡಿದ. ನಗುತ್ತ ಕಾದ. ಮಾತಿಗಾಗಿ ಕಾಯುತ್ತಿದ್ದ.

ಶಾಂತಾ ಸುಮ್ಮನೆ ನಿಂತಳು. ಈ ಮೌನವನ್ನು ಅವಳು ಎಷ್ಟು ಹೊತ್ತು ಬೇಕಾದರೂ ಹಿಡಿದುಕೊಳ್ಳಬಲ್ಲಳಾಗಿದ್ದಳು. ಏನು ಉಪಯೋಗ? ಅದರ ಆಚೆ ಏನೂ ಉಳಿದಿರಲಿಲ್ಲ. ಅವನು ಕಾಯುತ್ತಲೇ ಇದ್ದ. ಹೊರಗೆ ಜನ ಮಾತಾಡುತ್ತ ಹೋಗುವ ಸದ್ದು ಕರಗುತ್ತ ಬಂತು.

"ಕೊಡಿ," ಎಂದಳು ಹೆಲೆನ್, ತಿರುಗದೆ.

"ಏನು ಕೊಡಲಿ?"

"ಬರ್ತೀನಿ ಅಂತ ಹೇಳಿದೆ, ಅಂತ ಕೊಡಿ."

ಶಾಂತಾ ಯಂತ್ರದ ಪೆಟ್ಟಿಗೆ ಮುಚ್ಚಿಟ್ಟಳು. "ಅದು ನಿಜವಲ್ಲದಿದ್ದರೆ, ಹೆಲೆನ್?"

"ನಿಜ ಹೋಯಿತಲ್ಲ," ಎಂದಳು ಹೆಲೆನ್. "ಕೊಡಿ. ನಿಮಗೆ ಕೈ ಮುಗೀತೀನಿ."

ಶಾಂತಾ ಕೊಟ್ಟಳು. ಸಣ್ಣ ದನಿಯಲ್ಲಿ, ಏರಿಳಿತವಿಲ್ಲದೆ, ಅವನಿಗೆ ಬೇಕಾಗುವುದಕ್ಕಿಂತ ಅರ್ಧ ಉಸಿರು ಮುಂಚೆ. ರೋಲಂಡ್ ಅದನ್ನು ಎತ್ತಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಮಗಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದ. "ನಾನು ಅವಳಿಗೆ ಹೇಳಿದೆ," ಎಂದ. "ಬರ್ತೀನಿ ರೂತ್, ಹೊರಟೆ, ಇಗೋ ಹೊರಟೆ ಅಂತ."

ಎಂಥ ದನಿ ಅದು! ಅಷ್ಟು ಚೆನ್ನಾಗಿ ಅವನು 'ಹೊರಟೆ' ಎಂದದ್ದನ್ನು ಕೇಳಿದರೆ ಸತ್ತವರೂ ಎದ್ದು ತಲೆ ಬಾಚಿಕೊಳ್ಳಬೇಕು. ಹೆಲೆನ್ ಕಣ್ಣು ಮುಚ್ಚಿ ಕೇಳಿದಳು. ಅವಳ ಭುಜ ಒಂದು ಸಲ ಅದುರಿತು.

"ಇನ್ನೊಂದು ಸಲ," ಎಂದಳು.

ಶಾಂತಾ ಕೊಟ್ಟಳು.